ಹರಿಗೋಲಿನಲ್ಲಿ ಕಲಿತ ಪಾಠ

ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನನ್ನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ ನಾವು ಮೂವರೂ ಬಹಳ ಸಂಕೋಚಪಟ್ಟೆವು. ನಮ್ಮಲ್ಲಿ ಒಬ್ಬಳು ಮಂಡ್ಯದವಳು, ಒಬ್ಬಳು ಮದ್ದೂರಿನವಳು, ಮತ್ತೊಬ್ಬಳು ಮಳವಳ್ಳಿಯವಳು. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು, ಮಧ್ಯಾಹ್ನದಲ್ಲಿ ಒಂದೇ ಡಬ್ಬಿಗೆ ಕೈಯಿಕ್ಕಿ ಬೆಳೆದವರು. ಹೆಸರು ಗಳಿಸಿದವರಲ್ಲ, ಮಕ್ಕಳನ್ನು ಸಾಕಿ, ಮನೆವಾರ್ತೆಯನ್ನು ನೋಡಿಕೊಂಡು, ಈಗ ತಲೆ ನರೆಯುವ ಕಾಲಕ್ಕೆ ಬಂದವರು. ಆದಾಗ್ಯೂ ಕಳೆದ ಜನವರಿಯಲ್ಲಿ ನಾವು ಕಾವೇರಿಯ ಮೇಲೆ ಕಳೆದ ಒಂದು ದಿನವು ನಮಗೆ ಕಲಿಸಿದ್ದು ಹೆಣ್ಣುಮಕ್ಕಳ ತಾಯಿತಂದೆಗಳಿಗೆ ಉಪಯೋಗವಾದೀತೆಂದು ತೋರಿದ್ದರಿಂದ ಧೈರ್ಯಮಾಡಿ ಬರೆಯುತ್ತೇವೆ.

ಮಳವಳ್ಳಿಯ ಗೆಳತಿಯ ಒಬ್ಬಳೇ ಮಗಳು ಉಚ್ಚ ವಿದ್ಯಾಭ್ಯಾಸಕ್ಕಾಗಿ ನ್ಯೂಜಿಲೆಂಡಿಗೆ ಹೋಗಿದ್ದಾಳೆ. ಡಿಸೆಂಬರಿನಲ್ಲಿ ಆಕೆಯಿಂದ ತಾಯಿಗೆ ಒಂದು ಉದ್ದವಾದ ಪತ್ರ ಬಂದಿತು. ಆ ದೇಶದ ದಕ್ಷಿಣ ದ್ವೀಪದ ಪಶ್ಚಿಮ ಭಾಗದಲ್ಲಿ ಹಿಮದ ಬೆಟ್ಟಗಳಿಂದ ಕಡಲಿನ ಕಡೆಗೆ ಧುಮುಕುವ ಹೊಳೆಗಳುಂಟು. ಅವುಗಳಲ್ಲಿ ಕೆಲವು ಬಹು ಇಕ್ಕಟ್ಟಾದ ಕಲ್ಲಿನ ಕೊರಕಲುಗಳಲ್ಲಿ ಹರಿಯುತ್ತವೆ. ಎರಡು ಕಡೆಯೂ ಗೋಡೆಯಂತೆ ಬಂಡೆ, ಹತ್ತಿರದಲ್ಲಿ ಊರಿಲ್ಲ, ದಾರಿಯಿಲ್ಲ. ಕೆಲವೆಡೆಗಳಿಗೆ ದೋಣಿಗಳನ್ನೂ ಜನರನ್ನೂ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗುತ್ತದೆ. ಅಂಥ ಒಂದು ಹೊಳೆಯಲ್ಲಿ ಕಯಾಕ್ ಎಂಬ ಕಿರುದೋಣಿಯನ್ನು ನಡೆಸಲು ಆಕೆಯ ಜೊತೆಗಾರರು ಕರೆದಿದ್ದರು. "ಅಮ್ಮ, ನೀನು ಬೇಡವೆಂದರೆ ನಾನು ಹೋಗುವುದಿಲ್ಲ. ಆದರೆ ಬೇಡವೆನ್ನುವ ಮೊದಲು ಒಂದು ಸಾರಿ ಯೋಚನೆಮಾಡು" ಎಂದು ಮಗಳು ಬರೆದಿದ್ದಳು.

ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕುಳಿತುಕೊಳ್ಳುವ, ಮೇಲೆ ಮುಚ್ಚಿದ, ಉದ್ದನೆಯ ದೋಣಿ. ಗ್ರೀನ್‌ಲೆಂಡ್ ಮೊದಲಾದ ಹಿಮಪ್ರದೇಶಗಳ ಇನ್ಯೂಯಿಟ್ ಜನರು ತೇಲಿಬಂದ ಮರದ ಮತ್ತು ಎಲುಬಿನ ಚೌಕಟ್ಟಿಗೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಹೊದಿಸಿ ಇದನ್ನು ಬೇಟೆಗಾಗಿ ಮಾಡಿಕೊಂಡರು. ಈಗ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಕುಳಿತವರ ಸೊಂಟದ ಸುತ್ತ ನೀರು ನುಗ್ಗದಂತೆ ಒಂದು ಹೊದಿಕೆ, ತಲೆಗೆ ಶಿರಸ್ತ್ರಾಣ, ಮೈಗೆ ತೇಲುವ ಅಂಗಿ, ಕೈಯಲ್ಲಿ ಎರಡು ತುದಿಗೂ ಹಲಗೆಯಿರುವ ಒಂದು ಹುಟ್ಟು. ದೋಣಿ ಬೋರಲಾದರೆ ಹುಟ್ಟಿನ ಬೀಸಿನಿಂದಲೂ ಸೊಂಟದ ತಿರುವಿನಿಂದಲೂ ಪುನಃ ನೆಟ್ಟಗಾಗುವುದನ್ನು ಮೊದಲು ಕಲಿಯಬೇಕು. ನೊರೆಗರೆಯುವ ಹೊಳೆಗಳನ್ನು ಅವುಗಳ ಕಷ್ಟಕ್ಕೆ ತಕ್ಕಂತೆ ೧ ರಿಂದ ೬ ರ ವರೆಗೆ ದರ್ಜೆಗಳಾಗಿ ವಿಂಗಡಿಸಿದ್ದಾರೆ; ಆರನೆಯದೆಂದರೆ ಪ್ರಾಣದ ಆಶೆ ಬಿಟ್ಟಂತೆಯೇ ಸರಿ. ಮಗಳು ಕೇಳಿದ್ದು ಮೂರನೆಯ ದರ್ಜೆಯ ಹೊಳೆಗೆ.

ಈ ಪತ್ರವನ್ನು ಗೆಳತಿಯು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನಮ್ಮ ಮುಂದಿಟ್ಟಳು. ಆಕೆಯ ಮುಖವನ್ನು ನೋಡಿದೊಡನೆಯೇ ನಮಗೆ ೧೯೮೪ ನೆಯ ಇಸವಿಯ ಬೇಸಿಗೆ ನೆನಪಾಯಿತು. ಆ ರಜದಲ್ಲಿ ಆಕೆಯ ಅಣ್ಣನು ಮುತ್ತತ್ತಿಗೆ ಬಂಧುಗಳೊಡನೆ ಹೋದವನು ಹಿಂದಿರುಗಲಿಲ್ಲ. ಅವನಿಗೆ ಈಜು ಬಾರದೆಂದಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ದಿನವೂ ಈಜಿ ಬೆಳೆದ ಹುಡುಗ. ಶಾಲೆ ತೆರೆದ ದಿನ ನಮ್ಮ ಗೆಳತಿ ಬಂದು ಬೆಂಚಿನ ಮೇಲೆ ಕುಳಿತಳು, ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಂದಿನಿಂದ ಆಕೆ ಹೊಳೆಯ ದಂಡೆಯನ್ನು ಮೆಟ್ಟಿರಲಿಲ್ಲ. ಆದರೂ ಮಗಳಿಗೆ ಎಂಟು ವರ್ಷವಾದಾಗ, ಮನೆಯವರು ಬೇಡವೆಂದರೂ, ಈಜು ಕಲಿಸಲು ತಾನೇ ಕರೆದೊಯ್ದವಳು. ಮಗು ನೀರಿಗಿಳಿಯುವಾಗ ತಾನು ಕೊಳಕ್ಕೆ ಬೆನ್ನುಮಾಡಿ ನಿಲ್ಲುತ್ತಿದ್ದಳಂತೆ. ಇದನ್ನು ನಾವು ಆ ದಿನವೇ ಕೇಳಿದ್ದು.

"ನಾನು ಏನೆಂದು ಬರೆಯಲಿ, ಹೇಳಿರೇ" ಎಂದು ಆಕೆ ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ. ಕೊನೆಗೆ ಮಂಡ್ಯದ ಗೆಳತಿಯು, "ನೀರನ್ನು ನೋಡದೆ ನೀರಿನ ವಿಷಯದಲ್ಲಿ ತೀರ್ಪು ಕೊಡುವುದು ಹೇಗೆ? ನ್ಯೂಜಿಲೆಂಡಿನ ಹೊಳೆ ನಮಗೆ ದೂರ. ನಮ್ಮ ಹೊಳೆ ಇದೆಯಲ್ಲ, ಅದನ್ನಾದರೂ ನೋಡಿ ಬರೋಣ" ಎಂದಳು. ಮಳವಳ್ಳಿಯವಳು ಬಹಳ ಹೊತ್ತು ಸುಮ್ಮನಿದ್ದು, ಆಗಲಿ ಎಂದಳು.

ಮದ್ದೂರಿನಲ್ಲಿ ಶಿಂಷೆಯನ್ನು ದಾಟಿ, ಮಳವಳ್ಳಿಯ ಮೇಲೆ ಹಲಗೂರಿಗೆ ಹೋಗಿ, ಅಲ್ಲಿಂದ ಕಾಡಿನ ದಾರಿಯನ್ನು ಹಿಡಿದೆವು. ದಾರಿಯುದ್ದಕ್ಕೂ ನಮಗೆ ಶಾಲೆಯ ಪ್ರವಾಸದ ನೆನಪು. ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮನ್ನು ಶಿವನಸಮುದ್ರಕ್ಕೆ ಕರೆದೊಯ್ದಿದ್ದರು. ಅಲ್ಲಿ ಕಾವೇರಿಯು ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಬೀಳುವುದನ್ನೂ, ೧೯೦೨ ರಲ್ಲಿ ಆ ನೀರಿನ ಬಲದಿಂದ ಹುಟ್ಟಿದ ವಿದ್ಯುತ್ತು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಸಂಗತಿಯನ್ನೂ ಉಪಾಧ್ಯಾಯಿನಿಯವರು ಚೆನ್ನಾಗಿ ವಿವರಿಸಿದರು. ನಾವು ಇಬ್ಬಿಬ್ಬರಾಗಿ ಕೈಹಿಡಿದು ಸಾಲಾಗಿ ನಿಂತು ದೂರದಿಂದಲೇ ನೋಡಿ ಬಂದೆವು. ಮರುದಿನ ಜಲಪಾತದ ವರ್ಣನೆಯನ್ನು ಬರೆಯಿಸಿದಾಗ ಮದ್ದೂರಿನವಳಿಗೆ ಇಪ್ಪತ್ತಕ್ಕೆ ಹದಿನೆಂಟು ಅಂಕ ಬಂದಿತು. ಆದರೆ ನಮ್ಮಲ್ಲಿ ಒಬ್ಬಳ ಕಾಲ ಬೆರಳೂ ನೆನೆದಿರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ನಲವತ್ತು ಹೆಣ್ಣುಮಕ್ಕಳನ್ನು ಕರೆದೊಯ್ದವರ ಎದೆಯಲ್ಲಿ ಏನಿತ್ತೆಂಬುದು ನಮಗೆ ತಾಯಂದಿರಾದ ಮೇಲೆ ತಿಳಿಯಿತು.

ಶಿವನಸಮುದ್ರದಲ್ಲಿ ಬಿದ್ದ ಮೇಲೆ ಕಾವೇರಿಯು ಬಯಲುಸೀಮೆಯ ಶಾಂತ ನದಿಯಾಗಿ ಉಳಿಯುವುದಿಲ್ಲ. ಬೆಟ್ಟಗಳ ನಡುವಣ ಆಳವಾದ ಕಣಿವೆಯನ್ನು ಹೊಕ್ಕು, ಶಿಂಷೆಯನ್ನೂ ಅನಂತರ ಅರ್ಕಾವತಿಯನ್ನೂ ಕೂಡಿಕೊಂಡು, ಮೇಕೆದಾಟಿನ ಸೀಳಿನಲ್ಲಿ ನುಸುಳಿ ಹೊಗೇನಕಲ್ಲಿನ ಕಡೆಗೆ ಹೋಗುತ್ತದೆ. ಈ ಕಾಡು ೧೯೮೭ ರಿಂದ ವನ್ಯಧಾಮವಾಗಿದೆ. ದಂಡೆಯಲ್ಲಿ ದೊಡ್ಡ ಹೊಳೆಮತ್ತಿಯ ಮರಗಳು. ಕೊಂಬೆಗಳಲ್ಲಿ ನರೆಬಣ್ಣದ ದೊಡ್ಡ ಅಳಿಲುಗಳು. ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳು. ಮುತ್ತತ್ತಿಯಲ್ಲಿ ಸೀತಾದೇವಿಯು ಕಳೆದುಕೊಂಡ ಮೂಗುತಿಯ ಮುತ್ತನ್ನು ಆಂಜನೇಯನು ಬಾಲದಿಂದ ಹೊಳೆಯನ್ನು ಕಲಕಿ ಎತ್ತಿಕೊಟ್ಟನೆಂದು ಪ್ರತೀತಿ. ಅಲ್ಲಿಯ ದಂಡೆಯಲ್ಲೇ ನೀರಿಗಿಳಿಯಕೂಡದೆಂಬ ಎಚ್ಚರಿಕೆಯ ಫಲಕಗಳೂ ಇವೆ. ಆ ಫಲಕಗಳ ಮುಂದೆ ನಮ್ಮ ಗೆಳತಿಯು ಸ್ವಲ್ಪ ಹೊತ್ತು ನಿಂತಳು. ನಾವು ಆಕೆಯ ಎರಡು ಪಕ್ಕದಲ್ಲಿ ನಿಂತೆವು.

ಸಮೀಪದ ಭೀಮೇಶ್ವರಿಯಲ್ಲಿ ಹರಿಗೋಲಿನ ವ್ಯವಸ್ಥೆಯುಂಟು. ನೀರು ಶಾಂತವಾಗಿರುವ ಕಡೆ ಕಯಾಕ್ ನಡೆಸಲೂ ಬಿಡುತ್ತಾರೆ. ನಮ್ಮ ವಯಸ್ಸಿಗೆ ಹರಿಗೋಲೇ ಸಾಕೆನಿಸಿತು. ನಮ್ಮ ಸೀಮೆಯವರ ಬಾಯಲ್ಲಿ ತೆಪ್ಪವೆನಿಸುವ ಇದು ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಹೊರಗಡೆಗೆ ದನದ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆ ಮತ್ತು ಟಾರು. ಸುಮಾರು ೧೫೨೦ ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗಲ್ ದೇಶದ ಡೊಮಿಂಗೊ ಪಾಯೆಸ್ ಎಂಬವನು ತುಂಗಭದ್ರೆಯಲ್ಲಿ ಇವನ್ನು ಕಂಡು, ಇವು ನೆಟ್ಟಗೆ ಸಾಗಲಾರದೆ ಸುತ್ತುತ್ತಲೇ ಇರುತ್ತವೆಂದು ಬರೆದಿಟ್ಟಿದ್ದಾನೆ. ಹಿಮದ ನಾಡಿನವರು ಸೀಲಿನ ಚರ್ಮದಲ್ಲಿ ಮಾಡಿದುದನ್ನು ನಮ್ಮವರು ದನದ ಚರ್ಮದಲ್ಲಿ ಮಾಡಿದರೆಂದು ತಿಳಿದಾಗ ಮಗಳ ಹುಚ್ಚು ಅಷ್ಟೊಂದು ಪರದೇಶದ್ದಾಗಿ ನಮಗೆ ಕಾಣಲಿಲ್ಲ.

ಅಂಬಿಗನು ಅರುವತ್ತರ ಆಚೆಯವನು, ಮಿತಭಾಷಿ. ತೇಲುವ ಅಂಗಿಗಳನ್ನು ನಮಗೆ ತೊಡಿಸಿ, ಪಟ್ಟಿಗಳನ್ನು ಎಳೆದೆಳೆದು ನೋಡಿ, ಹತ್ತಿಸಿಕೊಂಡನು. ಮಳವಳ್ಳಿಯವಳು ನಡುವೆ ಕುಳಿತು ನಮ್ಮಿಬ್ಬರ ಕೈಗಳನ್ನೂ ಹಿಡಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಹೊಳೆಯು ಬಂಡೆಗಳ ನಡುವೆ ಬಿಳಿಯ ನೊರೆಯಾಗಿ ಗರ್ಜಿಸುತ್ತಿರುವುದು ಕಾಣಿಸಿತು. ನಾವು ಉಸಿರು ಬಿಗಿಹಿಡಿದೆವು. ಅಂಬಿಗನು ಹುಟ್ಟನ್ನು ಎರಡು ಸಾರಿ ಎಳೆದನು. ತೆಪ್ಪವು ಬುಗುರಿಯಂತೆ ಸುತ್ತಿ, ಕುಪ್ಪಳಿಸಿ, ನಮ್ಮೆಲ್ಲರ ಸೀರೆಗಳನ್ನೂ ತೋಯಿಸಿ, ನೊರೆಯ ಆಚೆಗೆ ಬಂದು ನಿಂತಿತು. ಮದ್ದೂರಿನವಳು ಮೊದಲು ನಕ್ಕಳು; ಆಮೇಲೆ ಎಲ್ಲರೂ ನಕ್ಕೆವು. ಶಾಲೆಯನ್ನು ಬಿಟ್ಟ ಮೇಲೆ ನಾವು ಹಾಗೆ ನಕ್ಕಿದ್ದುಂಟೋ ಇಲ್ಲವೋ.

ಅದಾದ ಮೇಲೆ ಹೊಳೆಯು ತಿರುಗಿ, ಒಂದು ದೊಡ್ಡ ಬಂಡೆಯ ನೆರಳಿನಲ್ಲಿ ಕೊಳದಂತೆ ನಿಂತಿತ್ತು. ಕಡುಹಸುರು ನೀರು, ಮೇಲೆ ಒಂದು ಗೆರೆಯೂ ಇಲ್ಲ. ಅಲ್ಲಿಗೆ ಇನ್ನೂ ದೂರವಿರುವಾಗಲೇ ಅಂಬಿಗನು ತೆಪ್ಪವನ್ನು ದಡಕ್ಕೆ ಹಚ್ಚಿ, "ಇಳೀರವ್ವ" ಎಂದನು. ಮದ್ದೂರಿನವಳು, "ಏನಣ್ಣ, ಅಷ್ಟು ಆರ್ಭಟದ ನೀರಿನಲ್ಲಿ ಕರಕೊಂಡು ಬಂದು ಇಲ್ಲಿ ಹೆದರುತ್ತೀಯಲ್ಲ" ಎಂದು ತಮಾಷೆಮಾಡಿದಳು. ಅವನು ನಗಲಿಲ್ಲ. "ಆ ನೀರು ಹೇಳ್ಬುಟ್ಟು ಬತ್ತದೆ ಕಣ್ರವ್ವ. ಇದು ಹೇಳಾಕಿಲ್ಲ" ಎಂದನು. ಒಂದು ಹೊಂಗೆಯ ಕೊಂಬೆಯನ್ನು ಮುರಿದು ನೀರಿಗೆ ಎಸೆದನು. ಅದು ಮೆಲ್ಲಮೆಲ್ಲನೆ ತೇಲಿಕೊಂಡು ಬಂಡೆಯ ಬುಡಕ್ಕೆ ಹೋಗಿ, ಯಾರೋ ಕೆಳಗಿನಿಂದ ಎಳೆದುಕೊಂಡಂತೆ ಮುಳುಗಿಹೋಯಿತು. ನಾವು ಒಂದು, ಎರಡು ಎಂದು ಎಣಿಸತೊಡಗಿದೆವು. ನೂರರವರೆಗೆ ಎಣಿಸಿದರೂ ಅದು ಮೇಲಕ್ಕೆ ಬರಲಿಲ್ಲ.

ಅಂಬಿಗನು ಹೇಳಿದುದರ ಸಾರಾಂಶವಿದು. ಈ ಕಣಿವೆಯ ತಳವೆಲ್ಲಾ ಕಲ್ಲು. ನೀರು ಕಲ್ಲುಗಳನ್ನು ತಿರುಗಿಸಿ ತಿರುಗಿಸಿ ಒರಳಿನಂತಹ ಕುಳಿಗಳನ್ನು ಕೊರೆದಿದೆ. ಬಂಡೆಗಳ ಬುಡವನ್ನು ತಿಂದು ಪೊಟರೆಗಳನ್ನು ಮಾಡಿದೆ. ಮೊಳಕಾಲುದ್ದದ ನೀರಿನಲ್ಲಿ ನಿಂತವನು ಒಂದು ಹೆಜ್ಜೆ ಮುಂದಿಟ್ಟರೆ ಎರಡಾಳುದ್ದದ ಮಡು. ಮೇಲೆ ಮಳೆಯಿಲ್ಲದಿದ್ದರೂ ಕೊಡಗಿನಲ್ಲಿ ಮಳೆ ಹೊಯ್ದರೆ, ಕನ್ನಂಬಾಡಿಯಲ್ಲಿ ಬಾಗಿಲು ತೆಗೆದರೆ, ನೀರು ಏರುತ್ತದೆ. ನಾಲೆಯಲ್ಲಿ ಈಜು ಕಲಿತವನಿಗೆ ನಾಲೆಯ ನೀರು ಗೊತ್ತು, ಹೊಳೆಯ ನೀರು ಗೊತ್ತಿರುವುದಿಲ್ಲ. ಇಷ್ಟು ಹೇಳಿ ಅವನು ತೆಪ್ಪವನ್ನು ಬೋರಲಾಗಿ ತಲೆಯ ಮೇಲೆ ಹೊತ್ತುಕೊಂಡು, ಆಮೆಯಂತೆ, ದಡದ ಕಲ್ಲುಗಳ ಮೇಲೆ ನಡೆದನು. ನಾವು ಸೀರೆಯನ್ನು ಎತ್ತಿ ಕಟ್ಟಿಕೊಂಡು ಹಿಂದೆ ನಡೆದೆವು.

ಆಗಲೇ ನಮ್ಮ ಗೆಳತಿಯು ನಾಲ್ಕು ದಶಕಗಳ ಮೌನವನ್ನು ಮುರಿದಳು. "ಅಣ್ಣ ಹೋದ ದಿನವೂ ನೀರು ಹೀಗೆಯೇ ಇತ್ತಂತೆ. ತಟ್ಟೆಯಲ್ಲಿಟ್ಟ ಹಾಗೆ. ಅವನಿಗೆ ಹೇಳುವವರು ಯಾರೂ ಇರಲಿಲ್ಲ" ಎಂದಳು. ಅಳಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, "ನನ್ನ ಮಗಳಿಗೆ ಹೇಳುವವರು ಇದ್ದಾರೋ ಇಲ್ಲವೋ ಎಂಬುದನ್ನು ನಾನು ಕೇಳಬೇಕಾದದ್ದು" ಎಂದಳು.

ಮರುದಿನ ಕನಕಪುರದ ಮಾರ್ಗವಾಗಿ ಸಂಗಮಕ್ಕೆ ಹೋಗಿ, ಹೊಳೆಯನ್ನು ದಾಟಿ, ಮೇಕೆದಾಟನ್ನೂ ನೋಡಿದೆವು. ಅಷ್ಟು ದೊಡ್ಡ ಕಾವೇರಿಯು ಅಲ್ಲಿ ಒಂದು ಮೇಕೆ ಹುಲಿಗೆ ಹೆದರಿ ಹಾರಿ ದಾಟಿತೆಂದು ಕಥೆ ಕಟ್ಟುವಷ್ಟು ಸಣ್ಣದಾಗುತ್ತದೆ. ಸಣ್ಣದಾದುದು ಹೊಳೆಯಲ್ಲ, ದಾರಿ ಮಾತ್ರ. ಅಗಲವಾಗಿ ಹರಿಯುತ್ತಿದ್ದುದೆಲ್ಲಾ ಅಲ್ಲಿ ಆಳವಾಗಿ ಹರಿಯುತ್ತದೆ. ಇಕ್ಕಟ್ಟಾದ ಕೊರಕಲಿನಲ್ಲಿ ದೋಣಿ ನಡೆಸುವುದೆಂದರೇನೆಂದು ಆ ಸೀಳಿನ ಅಂಚಿನಿಂದ ಇಣಿಕಿದಾಗ ನಮಗೆ ಮನದಟ್ಟಾಯಿತು. ಹತ್ತಲು ದಡವಿಲ್ಲ, ನಿಲ್ಲಲು ಎಡೆಯಿಲ್ಲ. ಆದಕಾರಣ ಇಳಿಯುವ ಮೊದಲೇ ತಿಳಿದಿರಬೇಕು.

ಊರಿಗೆ ಬಂದು ಗೆಳತಿಯು ಮಗಳಿಗೆ ಪತ್ರ ಬರೆದಳು. ಹೋಗೆಂದೂ ಬೇಡವೆಂದೂ ಬರೆಯದೆ ನಾಲ್ಕು ಪ್ರಶ್ನೆಗಳನ್ನು ಕೇಳಿದಳು: ಮುಂದೆ ಹೋಗಿ ನೀರನ್ನು ನೋಡಿ ಬರುವವರು ಯಾರು? ಮೇಲೆ ಮಳೆಯಾದರೆ ನಿಮಗೆ ಹೇಗೆ ತಿಳಿಯುತ್ತದೆ? ದಡ ಹತ್ತಬಹುದಾದ ಎಡೆಗಳು ಎಲ್ಲೆಲ್ಲಿವೆ? ದೋಣಿಯನ್ನು ಹೊತ್ತು ನಡೆದವರನ್ನು ನಿಮ್ಮಲ್ಲಿ ಯಾರಾದರೂ ನಗುತ್ತಾರೋ?

ಉತ್ತರ ಎರಡು ದಿನದಲ್ಲಿ ಬಂದಿತು. ಆ ಹೊಳೆಯನ್ನು ಹಲವು ಸಾರಿ ಕಂಡ ಒಬ್ಬಾಕೆ ಮುಂದಿರುತ್ತಾಳೆ. ಕಣ್ಣಿಗೆ ಕಾಣದ ತಿರುವು ಬಂದಾಗಲೆಲ್ಲಾ ಬಂಡೆಯ ಮರೆಯ ನಿಂತ ನೀರಿನಲ್ಲಿ ದೋಣಿ ನಿಲ್ಲಿಸಿ, ಇಳಿದು, ನೋಡಿ ಬರುತ್ತಾರೆ. ಎಸೆಯುವ ಹಗ್ಗ ಎಲ್ಲರಲ್ಲೂ ಇರುತ್ತದೆ. ಹಿಂದಿನ ದಿನ ಮಳೆಯಾದರೆ ಹೋಗುವುದೇ ಇಲ್ಲ. ದಡದ ಎಡೆಗಳನ್ನು ಗುರುತಿಸಿದ ನಕ್ಷೆ ಇಗೋ ಎಂದು ಒಂದೊಂದಾಗಿ ಬರೆದಿದ್ದಳು. ಕೊನೆಯ ಪ್ರಶ್ನೆಗೆ, "ಅಮ್ಮ, ಕಳೆದ ತಿಂಗಳು ಒಂದು ಚಿಕ್ಕ ಹೊಳೆಯಲ್ಲಿ ನಾನೊಬ್ಬಳೇ ದೋಣಿಯನ್ನು ಹೊತ್ತು ನಡೆದೆ. ಉಳಿದ ನಾಲ್ವರೂ ಕೆಳಗೆ ನನಗಾಗಿ ಕಾದಿದ್ದರು. ಯಾರೂ ನಗಲಿಲ್ಲ" ಎಂದಿದ್ದಳು.

ಈ ಕೊನೆಯ ಮಾತನ್ನು ಓದಿ ತಾಯಿಯು ಒಪ್ಪಿಗೆ ಕೊಟ್ಟಳು. ಮಗಳು ಹೋಗಿ ಬಂದ ದಿನ ನಾವು ಮೂವರೂ ಮಳವಳ್ಳಿಯ ಮನೆಯಲ್ಲಿ ಕೂಡಿದ್ದೆವು. ಕಾಫಿ ಆರಿಹೋಯಿತು, ಯಾರೂ ಕುಡಿಯಲಿಲ್ಲ. ಸಂಜೆಗೆ ಸುದ್ದಿ ಬಂದಿತು: ಎರಡೆಡೆ ಹೊತ್ತು ನಡೆದರಂತೆ, ಉಳಿದುದನ್ನು ದೋಣಿಯಲ್ಲಿ ದಾಟಿದರಂತೆ.

ಪ್ರಿಯ ತಾಯಿತಂದೆಗಳೇ, ನೀರಿನ ಹತ್ತಿರ ಹೋಗಬೇಡವೆಂದು ನಮಗೆಲ್ಲ ಹೇಳಿದರು. ಹೇಳಿದವರು ಪ್ರೀತಿಯಿಂದಲೇ ಹೇಳಿದರು. ಆದರೆ ಹೊಳೆಗಳ ಸೀಮೆಯಲ್ಲಿ ಹುಟ್ಟಿದ ಮಕ್ಕಳು ಎಂದಾದರೊಂದು ದಿನ ನೀರಿನ ಹತ್ತಿರ ಹೋಗಿಯೇ ಹೋಗುತ್ತಾರೆ. ಆ ದಿನಕ್ಕೆ ಅವರಿಗೆ ಎರಡು ವಿದ್ಯೆಗಳು ಬೇಕು: ಈಜುವುದು ಒಂದು, ಇಳಿಯದೆ ಹಿಂದಿರುಗುವುದು ಮತ್ತೊಂದು. ಮೊದಲನೆಯದನ್ನು ಗಂಡುಮಕ್ಕಳಿಗೆ ಕಲಿಸಿ ಹೆಣ್ಣುಮಕ್ಕಳಿಗೆ ಬಿಟ್ಟೆವು. ಎರಡನೆಯದನ್ನು ಹೆಣ್ಣುಮಕ್ಕಳಿಗೆ ಕಲಿಸಿ ಗಂಡುಮಕ್ಕಳಿಗೆ ಬಿಟ್ಟೆವು. ಇಬ್ಬರಿಗೂ ಎರಡೂ ಬೇಕು.

ಇಷ್ಟು ಬರೆದ ಮೇಲೆ ನಮ್ಮ ವಿಷಯವನ್ನೂ ಹೇಳಿಬಿಡುತ್ತೇವೆ. ಯುಗಾದಿ ಕಳೆದ ಮೇಲೆ ನಾವು ಮೂವರೂ ವಾರಕ್ಕೆರಡು ದಿನ ಈಜು ಕಲಿಯಲು ಹೋಗುತ್ತಿದ್ದೇವೆ. ಮದ್ದೂರಿನವಳು ಇನ್ನೂ ಮುಳುಗುತ್ತಾಳೆ. ಮಂಡ್ಯದವಳು ಕೊಳದ ಅಂಚನ್ನು ಬಿಡುವುದಿಲ್ಲ. ಮಳವಳ್ಳಿಯವಳು ಮಾತ್ರ ಕಳೆದ ವಾರ ಬೆನ್ನಿನ ಮೇಲೆ ಮಲಗಿ, ಆಕಾಶವನ್ನು ನೋಡುತ್ತಾ, ನಾವು ನೂರು ಎಣಿಸುವವರೆಗೂ ತೇಲಿದಳು.