ಗದ್ದೆಯ ಕಣದಿಂದ ದಸರೆಯ ಕಣಕ್ಕೆ

ಪಶ್ಚಿಮ ಘಟ್ಟದ ಮಡಿಲಿನಲ್ಲಿರುವ ಶೃಂಗೇರಿ ಸೀಮೆಯಲ್ಲಿ ಸಮತಟ್ಟಾದ ನೆಲವೆಂಬುದು ಬಹು ದುರ್ಲಭವಾದ ವಸ್ತು. ಗುಡ್ಡದ ನೆತ್ತಿಯಲ್ಲಿ ಕಾಡು, ಇಳಿಜಾರಿನಲ್ಲಿ ಕಾಫಿ, ಕಣಿವೆಯ ಮಗ್ಗುಲಲ್ಲಿ ಅಡಿಕೆಯ ತೋಟ. ಎಲ್ಲಕ್ಕಿಂತ ಕೆಳಗೆ, ಹಳ್ಳದ ನೀರು ಹರಿದುಬರುವ ತಗ್ಗಿನಲ್ಲಿ, ಒಂದರ ಕೆಳಗೊಂದು ಮೆಟ್ಟಿಲಿನಂತೆ ಇಳಿಯುವ ಬತ್ತದ ಗದ್ದೆಗಳು. ಈ ಸೀಮೆಯ ಗ್ರಾಮಗಳಲ್ಲೊಂದು ಅಡ್ಡಗದ್ದೆ. ಅದರ ಹೆಸರಿನಲ್ಲಿಯೇ ಗದ್ದೆಯಿದೆ. ಅನ್ನ ಬೆಳೆಯುವುದಕ್ಕೂ ಅದೇ ನೆಲ, ಹುಡುಗರು ಆಡುವುದಕ್ಕೂ ಅದೇ ನೆಲ. ಬತ್ತ ಬಡಿಯುವ ಜಾಗಕ್ಕೂ ಬಲ ಪರೀಕ್ಷಿಸುವ ಜಾಗಕ್ಕೂ ಕನ್ನಡದಲ್ಲಿ ‘ಕಣ’ವೆಂಬ ಒಂದೇ ಮಾತು ಸಲ್ಲುವುದು ಮಲೆನಾಡಿನ ಮಟ್ಟಿಗಂತೂ ಅಕ್ಷರಶಃ ಸತ್ಯ.

ವರ್ಷದಲ್ಲಿ ಎರಡು ಸಲ ಈ ನೆಲ ಆಟಕ್ಕೆ ಒದಗುತ್ತದೆ. ಕೊಯ್ಲು ಮುಗಿದು ಮಣ್ಣು ಒಣಗಿದ ಮೇಲೆ ಕೂಳೆಗಳ ನಡುವೆ ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ವಾಲಿಬಾಲ್ ಅಂಕಣ ಸಿದ್ಧ. ಎರಡನೆಯದು ಆರಿದ್ರಾ, ಪುನರ್ವಸು, ಪುಷ್ಯದ ಮಳೆಗಳಲ್ಲಿ, ಉತ್ತು ಹದಮಾಡಿದ ಗದ್ದೆಯಲ್ಲಿ ಮೊಳಕಾಲುದ್ದ ಕೆಸರು ನಿಂತಿರುವಾಗ. ಮಲೆನಾಡಿನ ಹಳ್ಳಿಗಳಲ್ಲಿ ನಡೆಯುವ ಕೆಸರುಗದ್ದೆ ಕ್ರೀಡಾಕೂಟಗಳು ಆ ಕಾಲದವು. ಓಟ, ಹಗ್ಗಜಗ್ಗಾಟ, ಕಬಡ್ಡಿ, ಥ್ರೋಬಾಲ್, ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಪಂದ್ಯ, ಒಂದೇ ಎರಡೇ! ಬಿದ್ದವನಿಗೆ ಪೆಟ್ಟಿಲ್ಲ, ಗೆದ್ದವನಿಗೆ ಗುರುತಿಲ್ಲ. ಕೆಸರು ಎಲ್ಲರಿಗೂ ಒಂದೇ ಬಣ್ಣ ಬಳಿದಿರುತ್ತದೆ.

ಇದು ನಿನ್ನೆ ಮೊನ್ನೆಯ ಹವ್ಯಾಸವೆಂದು ತಿಳಿಯಬೇಕಾಗಿಲ್ಲ. ನೆರೆಯ ಕೊಡಗಿನಲ್ಲಿ ದೊಡ್ಡ ಗದ್ದೆಯ ನಾಟಿಯ ಕಾಲಕ್ಕೆ ನಡುವೆ ಉದ್ದಕ್ಕೂ ಒಂದು ಪಟ್ಟೆಯಷ್ಟು ಜಾಗವನ್ನು ಬಿಟ್ಟು, ಅದರಲ್ಲಿ ಓಟದ ಪಂದ್ಯ ನಡೆಸುತ್ತಿದ್ದ ಸಂಗತಿಯನ್ನು ರಿಕ್ಟರ್ ಪಾದ್ರಿ 1870ರ ತನ್ನ ಕೊಡಗಿನ ಕೈಪಿಡಿಯಲ್ಲಿ ದಾಖಲಿಸಿದ್ದಾನೆ. ಮೊದಲು ಬಂದವನಿಗೆ ಬಟ್ಟೆ, ಹಿಂದೆ ಬಂದವರಿಗೆ ಬಾಳೆಗೊನೆ, ಹಲಸಿನ ಹಣ್ಣು. ದುಡಿದ ಮೈಗೆ ದುಡಿದ ನೆಲದಲ್ಲಿಯೇ ಸಂಭ್ರಮವನ್ನು ಕಲ್ಪಿಸಿಕೊಟ್ಟ ಹಿರಿಯರ ಜಾಣ್ಮೆ ಮೆಚ್ಚತಕ್ಕದ್ದೇ ಸರಿ.

ಆದರೆ ಇಂದಿನ ಹುಡುಗ ಹುಡುಗಿಯರ ಕಣ್ಣು ಬಾಳೆಗೊನೆಯಲ್ಲಿಗೆ ನಿಲ್ಲುವುದಿಲ್ಲ; ಅದು ಘಟ್ಟಗಳನ್ನು ದಾಟಿ ಮೈಸೂರಿನ ಕಡೆಗೆ ಹಾಯುತ್ತದೆ. ದಸರಾ ಕ್ರೀಡಾಕೂಟದ ಏಣಿಗೆ ನಾಲ್ಕು ಮೆಟ್ಟಿಲು: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಅಡ್ಡಗದ್ದೆಯ ಓಟಗಾರ್ತಿ ಮೊದಲು ಶೃಂಗೇರಿ ತಾಲ್ಲೂಕಿನಲ್ಲಿ ಗೆಲ್ಲಬೇಕು. ಬಳಿಕ ಸುಮಾರು 90 ಕಿಲೋಮೀಟರ್ ದೂರದ ಚಿಕ್ಕಮಗಳೂರಿನಲ್ಲಿ ಗೆಲ್ಲಬೇಕು. ಅನಂತರ ಹಾಸನ, ಮಂಡ್ಯ, ಕೊಡಗು, ಕರಾವಳಿ ಜಿಲ್ಲೆಗಳವರೂ ಸೇರುವ ಮೈಸೂರು ವಿಭಾಗದಲ್ಲಿ ಗೆಲ್ಲಬೇಕು. ಆಮೇಲೆ ನಾಡಹಬ್ಬದ ಕಣ.

ಆ ಕಣದ ಇತಿಹಾಸ ದೊಡ್ಡದು. ಅದರ ಬೇರನ್ನು ಅರಸುತ್ತ ಹೊರಟರೆ ದಾರಿ ವಿಜಯನಗರಕ್ಕೆ ಒಯ್ಯುತ್ತದೆ. ವಿಜಯನಗರದ ದಾರಿ ಮತ್ತೆ ಶೃಂಗೇರಿಯನ್ನು ಮುಟ್ಟುತ್ತದೆ. ಹರಿಹರನೂ ಅವನ ಸೋದರರೂ ತಮ್ಮ ವಿಜಯೋತ್ಸವಕ್ಕಾಗಿ ಶೃಂಗೇರಿಗೆ ಬಂದು ದತ್ತಿ ನೀಡಿದುದನ್ನು 1346ರ ಶಾಸನ ಹೇಳುತ್ತದೆ. ಅವರು ಕಟ್ಟಿದ ರಾಜ್ಯದ ರಾಜಧಾನಿಯಲ್ಲಿ ಮಹಾನವಮಿ ಮಹೋತ್ಸವವಾಗಿ ಬೆಳೆಯಿತು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಆನೆ ಕುದುರೆಗಳ ಜೊತೆಗೆ ಜಟ್ಟಿಗಳೂ ಇಂದಿಗೂ ಸೆಣಸುತ್ತಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಹಬ್ಬದ ಕುಸ್ತಿಯನ್ನು ವರ್ಣಿಸುತ್ತಾನೆ. ಹಲ್ಲು ಮುರಿಯುವ, ಮುಖ ಜಜ್ಜುವ ಆ ಕಾಳಗಗಳಲ್ಲಿ ಇಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸುವುದಕ್ಕೆಂದೇ ತೀರ್ಪುಗಾರರಿದ್ದರೆಂಬುದು ಅವನ ಬರಹದಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿ.

ವಿಜಯನಗರ ಅಳಿದರೂ ಹಬ್ಬ ಅಳಿಯಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮುಂದುವರಿಸಿದರು. ಮುಂದೆ ಅದು ಮೈಸೂರಿನ ಹೆಮ್ಮೆಯಾಯಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಧರಿಸಿ ಸೆಣಸುತ್ತಾರೆ. ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. 1971ರಲ್ಲಿ ರಾಜಧನ ರದ್ದಾದ ಬಳಿಕ ದಸರೆ ಸರ್ಕಾರದ ಆಶ್ರಯದ ನಾಡಹಬ್ಬವಾಯಿತು. ಈ ಬದಲಾವಣೆಯ ಅರ್ಥ ಸಣ್ಣದಲ್ಲ. ಹಿಂದೆ ದೊರೆಯ ಎದುರಿಗೆ ಆಯ್ದ ಜಟ್ಟಿಗಳು ಸೆಣಸುತ್ತಿದ್ದರು, ಪ್ರಜೆಗಳು ನೋಡುತ್ತಿದ್ದರು. ಈಗ ಪ್ರಜೆಗಳ ಮಕ್ಕಳೇ ತಾಲ್ಲೂಕಿನ ಹೆಸರು ಹೊತ್ತು ಕಣಕ್ಕೆ ಇಳಿಯುತ್ತಾರೆ.

ಕೂಟವನ್ನು ನಡೆಸಿಕೊಡುವ ಕಲೆಯಲ್ಲಿ ಕನ್ನಡ ನಾಡು ಹಿಂದೆ ಬಿದ್ದಿಲ್ಲ. 1997ರಲ್ಲಿ ಬೆಂಗಳೂರು ಮೈಸೂರುಗಳಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಆತಿಥೇಯ ಕರ್ನಾಟಕವೇ ಪದಕಗಳ ಪಟ್ಟಿಯಲ್ಲಿ ಮೊದಲಾಯಿತು. ಅಂಗಳ ಸಿಕ್ಕಿದರೆ ಆಟಗಾರರು ಹುಟ್ಟಿಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮಲೆನಾಡಿನ ಕಷ್ಟವಿರುವುದು ಈ ಅಂಗಳದಲ್ಲಿಯೇ. ದಸರೆ ಬರುವುದು ಹಸ್ತ ಚಿತ್ತೆಯ ಮಳೆಗಳ ಹೊತ್ತಿಗೆ. ಆದುದರಿಂದ ತಾಲ್ಲೂಕಿನ ಆಯ್ಕೆ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ಬಯಲುಸೀಮೆಗೆ ಅದು ಹಿತವಾದ ಕಾಲ. ಶೃಂಗೇರಿಗಾದರೋ ಜಡಿಮಳೆಯ ಕಾಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಇಲ್ಲಿಗೆ ಹೆಚ್ಚು ದೂರವಿಲ್ಲ; ಮಳೆ ಬೇಕೆಂದು ಬಯಲಿನವರೂ, ಮಳೆ ಸಾಕೆಂದು ಮಲೆಯವರೂ ಹರಕೆ ಹೊರುವ ಕಿಗ್ಗದ ಋಷ್ಯಶೃಂಗೇಶ್ವರನು ಇದೇ ತಾಲ್ಲೂಕಿನವನು. ಆ ದಿನಗಳಲ್ಲಿ ಗದ್ದೆಯ ತುಂಬ ಪೈರು, ಕಾಲಿಡುವಂತಿಲ್ಲ. ಶಾಲೆಯ ಬಯಲಿನಲ್ಲಿ ಪಾಚಿ, ಓಡುವಂತಿಲ್ಲ. ಒಣ ನೆಲದಲ್ಲಿ ದಿನವೂ ಓಡಿ ಬಂದ ಬಯಲಿನ ಮಗುವಿನ ಪಕ್ಕದಲ್ಲಿ, ತಿಂಗಳುಗಟ್ಟಲೆ ಕೊಡೆಯಡಿಯಲ್ಲಿ ಬಿಡುವನ್ನು ಕಾದ ಮಲೆನಾಡಿನ ಮಗು ನಿಲ್ಲುತ್ತದೆ. ಪಯಸ್ ಕಂಡ ತೀರ್ಪುಗಾರರು ಇಂದು ಬಂದರೆ ಇವರಿಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸಲು ಏನು ಮಾಡುತ್ತಿದ್ದರೋ!

ಇದರ ಮೇಲೆ ಇನ್ನೊಂದು ಚಿಂತೆ. ಬತ್ತದ ಸಾಗುವಳಿ ಕೈಗೆ ಹತ್ತದೆಂದು ಗದ್ದೆಗಳು ಒಂದೊಂದಾಗಿ ಅಡಿಕೆಯ ತೋಟಗಳಾಗುತ್ತಿವೆ. ಸಾಲವೂ ಸಂಸಾರವೂ ಇರುವ ರೈತನನ್ನು ದೂರುವಂತಿಲ್ಲ. ಅಡಿಕೆಯೂ ನಿಶ್ಚಿಂತೆಯ ಬೆಳೆಯಲ್ಲ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ಕಾಡುತ್ತಿದೆ. ಆದರೆ ಗದ್ದೆ ತೋಟವಾದರೆ ಕೊಯ್ಲಿನ ನಂತರದ ವಾಲಿಬಾಲ್ ಅಂಕಣವೂ ಇಲ್ಲ, ಮಳೆಗಾಲದ ಕೆಸರಿನ ಕಣವೂ ಇಲ್ಲ. ಊರಿನ ಏಕೈಕ ಸಮನೆಲ ಸದ್ದಿಲ್ಲದೆ ಮಾಯವಾಗುತ್ತದೆ.

ಕ್ರೀಡಾಕೂಟದ ಆತಿಥ್ಯವೆಂದರೆ ಕಮಾನು, ಬಾವುಟ, ಭಾಷಣಗಳೆಂದು ಎಣಿಸುವುದು ರೂಢಿ. ನಿಜವಾದ ಆತಿಥೇಯನು ನಾಟಿಯನ್ನು ಒಂದು ವಾರ ಮುಂದೂಡಿ ತನ್ನ ಗದ್ದೆಯನ್ನು ಊರ ಹುಡುಗರಿಗೆ ಬಿಟ್ಟುಕೊಡುವ ರೈತ. ಕೆಸರು ಮೆತ್ತಿಕೊಂಡು ಬಂದವರಿಗೆಲ್ಲ ಬಿಸಿನೀರು ಕಾಯಿಸಿ, ಅಕ್ಕಿರೊಟ್ಟಿ ಬಡಿಸುವ ಗೃಹಿಣಿ. ಮೈಸೂರಿನ ಕಣಕ್ಕೆ ಹೋಗುವ ಏಣಿಯ ಬುಡ ಊರಿರುವುದು ಅವರ ನೆಲದಲ್ಲಿ. ನಾಡಹಬ್ಬದಲ್ಲಿ ಪದಕ ಎಣಿಸುವವರು ಒಂದು ತಾಲ್ಲೂಕಿಗೆ ಒಂದಾದರೂ ಮಳೆಗೆ ಅಂಜದ ಅಂಗಳವನ್ನೂ ಎಣಿಸುವಂತಾದರೆ, ಅಡ್ಡಗದ್ದೆಯಂಥ ಊರಿನ ಮಕ್ಕಳು ಉಳಿದ ಮೆಟ್ಟಿಲುಗಳನ್ನು ತಮ್ಮ ಕಾಲಿನಿಂದಲೇ ಏರಿಯಾರು. ಗುಡ್ಡ ಹತ್ತುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.