ಮೂರು ತಿಂಗಳ ಯೌವನ ಮಾರುವ ಊರು

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ನಡೆದಾಡಿದವರಿಗೆ ಮೇಯೊ ಹಾಲ್ ಅಪರಿಚಿತವಲ್ಲ. 1872ರಲ್ಲಿ ಅಂಡಮಾನಿನಲ್ಲಿ ಹತನಾದ ವೈಸರಾಯ್ ಮೇಯೊ ಪ್ರಭುವಿನ ಸ್ಮಾರಕವದು. ಆ ಪ್ರಭುವಿನ ಬಿರುದಿಗೆ ಹೆಸರು ಕೊಟ್ಟ ಮೇಯೊ ಎಂಬ ಸೀಮೆ ಇರುವುದು ಐರ್ಲೆಂಡಿನ ಪಡುವಣ ಕರಾವಳಿಯಲ್ಲಿ. ಆ ಸೀಮೆಯ ವೆಸ್ಟ್‌ಪೋರ್ಟ್ ಎಂಬ ಊರಿನ ಹೆಸರನ್ನು ನಮ್ಮಲ್ಲಿ ಕೇಳಿದವರು ವಿರಳ. ಆದರೆ ಅಲ್ಲಿಂದ ಸಿದ್ಧವಾಗಿ ಹೊರಡುವ ಒಂದು ಪುಟ್ಟ ಸೀಸೆಯ ಹೆಸರು ಇಂದು ಬೆಂಗಳೂರಿನ ಚರ್ಮವೈದ್ಯರ ಕೋಣೆಗಳಲ್ಲಿ ಮನೆಮಾತಾಗಿದೆ. ಆ ಹೆಸರು ಬೊಟಾಕ್ಸ್. ಹಣೆಯ ಗೆರೆಗಳನ್ನೂ ಹುಬ್ಬುಗಳ ನಡುವಣ ಗಂಟನ್ನೂ ಕೆಲವು ಕಾಲ ಮರೆಮಾಡುವ ಚುಚ್ಚುಮದ್ದು ಅದು. ಎಷ್ಟು ಕಾಲಕ್ಕೊಮ್ಮೆ ಅದನ್ನು ಹಾಕಿಸಿಕೊಳ್ಳಬೇಕೆಂಬುದು ಕನ್ನಡಿಯ ಮುಂದೆ ನಿಂತ ಬಹುಮಂದಿಯ ಪ್ರಶ್ನೆ. ಆ ಪ್ರಶ್ನೆಯ ಬೆನ್ನುಹತ್ತಿ ಹೊರಟವನು ಒಮ್ಮೆ ಈ ಊರನ್ನು ನೋಡತಕ್ಕದ್ದು.

ಡಬ್ಲಿನ್ ನಗರದಿಂದ ಪಶ್ಚಿಮಾಭಿಮುಖವಾಗಿ ಹೊರಟ ರೈಲು ಅಥ್ಲೋನ್ ಎಂಬಲ್ಲಿ ಶ್ಯಾನನ್ ನದಿಯನ್ನು ದಾಟುತ್ತದೆ. ಅಲ್ಲಿಂದ ಮುಂದೆ ಕಲ್ಲುಗೋಡೆಗಳ ನಡುವಣ ಹಸುರು ಹೊಲಗಳು, ಕುರಿಮಂದೆಗಳು, ಕರಿಯ ಮಣ್ಣಿನ ಜೌಗುನೆಲಗಳು. ಮೂರು ಗಂಟೆಗೂ ಮಿಕ್ಕ ಪ್ರಯಾಣದ ತರುವಾಯ ಹಳಿ ಮುಗಿಯುತ್ತದೆ, ಅದೇ ವೆಸ್ಟ್‌ಪೋರ್ಟ್. ಏಳು ಸಾವಿರಕ್ಕೆ ಸಮೀಪವಾದ ಜನಸಂಖ್ಯೆಯ ಊರು. ಹದಿನೆಂಟನೆಯ ಶತಮಾನದಲ್ಲಿ ಜಮೀನ್ದಾರ ಮನೆತನವೊಂದು ನಕ್ಷೆ ಬರೆಸಿ ಕಟ್ಟಿಸಿದ್ದರಿಂದ ಬೀದಿಗಳಲ್ಲಿ ಒಂದು ಒಪ್ಪವಿದೆ. ಕ್ಯಾರೊಬೆಗ್ ಎಂಬ ಚಿಕ್ಕ ಹೊಳೆಯನ್ನು ಕಲ್ಲಿನ ದಡಗಳ ನಡುವೆ ಹರಿಯಬಿಟ್ಟು, ಇಕ್ಕೆಲದಲ್ಲಿ ಸಾಲುಮರಗಳನ್ನು ಬೆಳೆಸಿದ್ದಾರೆ. ಎಂಟು ಮೂಲೆಯ ಚೌಕದ ನಡುವೆ ಎತ್ತರದ ಕಂಬದ ಮೇಲೆ ಸಂತ ಪ್ಯಾಟ್ರಿಕ್ಕನ ವಿಗ್ರಹ.

ಊರಿನಿಂದ ಪಡುವಣಕ್ಕೆ ಕಣ್ಣುಹಾಯಿಸಿದರೆ ಶಂಕುವಿನಂತೆ ಎದ್ದು ನಿಂತ ಕ್ರೋ ಪ್ಯಾಟ್ರಿಕ್ ಬೆಟ್ಟ. ಎತ್ತರ 764 ಮೀಟರು. ಸಂತನು ಅದರ ನೆತ್ತಿಯಲ್ಲಿ ನಲವತ್ತು ದಿನ ಉಪವಾಸವಿದ್ದನೆಂದು ಪ್ರತೀತಿ. ಪ್ರತಿವರ್ಷ ಜುಲೈ ತಿಂಗಳ ಕಡೆಯ ಭಾನುವಾರ ಸಾವಿರಾರು ಭಕ್ತರು ಸಡಿಲು ಕಲ್ಲುಗಳ ಮೇಲೆ ಜಾರುತ್ತ, ಏಳುತ್ತ ಬೆಟ್ಟವನ್ನೇರುತ್ತಾರೆ. ಕೆಲವರು ಬರಿಗಾಲಿನಲ್ಲಿಯೇ ಹತ್ತುವುದೂ ಉಂಟು.

ಬೆಟ್ಟದ ಕೆಳಗೆ ಕ್ಲೂ ಕೊಲ್ಲಿ ಹರಡಿದೆ. ವರ್ಷದ ದಿನಕ್ಕೊಂದರಂತೆ ಅದರಲ್ಲಿ 365 ದ್ವೀಪಗಳಿವೆ ಎಂಬುದು ಸ್ಥಳೀಯರ ವಾಡಿಕೆಯ ಮಾತು. ಹದಿನಾರನೆಯ ಶತಮಾನದಲ್ಲಿ ಈ ನೀರನ್ನು ಆಳಿದವಳು ಗ್ರೇಸ್ ಒಮ್ಯಾಲಿ ಎಂಬ ವೀರವನಿತೆ. ಹಡಗುಗಳ ಒಡತಿ, ಇಂಗ್ಲಿಷರ ಪಾಲಿಗೆ ಕಡಲ್ಗಳ್ಳಿ. ಸೆರೆಯಲ್ಲಿದ್ದ ಮಗನ ಬಿಡುಗಡೆಗಾಗಿ ಅವಳು 1593ರಲ್ಲಿ ಇಂಗ್ಲೆಂಡಿಗೆ ಹೋಗಿ ಎಲಿಜಬೆತ್ ರಾಣಿಯನ್ನು ಕಂಡಳು. ಇಬ್ಬರಿಗೂ ಅರವತ್ತರ ಆಸುಪಾಸು. ಒಬ್ಬಳು ಬಿಸಿಲು, ಉಪ್ಪುಗಾಳಿಗಳಲ್ಲಿ ಬದುಕಿದವಳು. ಇನ್ನೊಬ್ಬಳ ಮುಖವನ್ನು ಆಸ್ಥಾನದ ಚಿತ್ರಕಾರರು ಕಡೆಯ ವರ್ಷಗಳಲ್ಲಿಯೂ ತರುಣಿಯ ಮುಖವಾಗಿಯೇ ಬರೆಯುತ್ತಿದ್ದರು. ಸುಕ್ಕಿನ ಭಯ ನಿನ್ನೆ ಮೊನ್ನೆಯದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಟ್ಟದ ಬುಡದ ಮುರಿಸ್ಕ್ ಗ್ರಾಮದಲ್ಲಿ ಕಂಚಿನ ಹಡಗೊಂದು ನಿಂತಿದೆ. ಅದರ ಹಗ್ಗಗಳ ಸ್ಥಾನದಲ್ಲಿ ತೇಲುತ್ತಿರುವುವು ಮನುಷ್ಯರ ಅಸ್ಥಿಪಂಜರಗಳು. 1845ರಿಂದ ನಾಲ್ಕೈದು ವರ್ಷ ಆಲೂಗಡ್ಡೆಯ ಬೆಳೆ ಕೊಳೆತು ಬಂದ ಮಹಾಕ್ಷಾಮದ ಸ್ಮಾರಕವದು, 1997ರಲ್ಲಿ ಸ್ಥಾಪಿತವಾಯಿತು. ಹಸಿದವರು ಹಡಗು ಹತ್ತಿ ಅಮೆರಿಕದತ್ತ ಹೊರಟರು. ದಾರಿಯಲ್ಲಿಯೇ ಸತ್ತವರು ಅಸಂಖ್ಯ. ಆಮೇಲೆಯೂ ತಲೆಮಾರುಗಳ ಕಾಲ ಕೆಲಸವನ್ನರಸಿ ಊರು ಬಿಡುವುದು ಮೇಯೊ ಸೀಮೆಯ ಮಕ್ಕಳಿಗೆ ತಪ್ಪಲಿಲ್ಲ.

ಅಮೆರಿಕದ ಅಲರ್ಗನ್ ಎಂಬ ಔಷಧ ಸಂಸ್ಥೆ 1977ರಲ್ಲಿ ಇಲ್ಲಿ ಕಾರ್ಖಾನೆ ತೆರೆದುದರ ಬೆಲೆ ಆಗ ತಿಳಿಯುತ್ತದೆ. ಕಣ್ಣಿನ ಔಷಧಗಳಿಂದ ಮೊದಲಾದ ಕೆಲಸ ಬೊಟಾಕ್ಸಿಗೆ ಬಂದು ನಿಂತಿತು. 2020ರಲ್ಲಿ ಅಬ್‌ವೀ ಎಂಬ ಸಂಸ್ಥೆ ಅದನ್ನು ಕೊಂಡಿತು. ಸಾವಿರಕ್ಕೂ ಮಿಕ್ಕ ಜನರಿಗೆ ಅಲ್ಲಿ ಅನ್ನ ದೊರಕುತ್ತಿದೆ. ಒಂದು ಸೀಸೆಯೊಳಗಿನ ವಿಷ ಗ್ರಾಮಿನ ಕೋಟಿಯಲ್ಲೊಂದು ಪಾಲಿಗೂ ಕಡಿಮೆ. ಬೆಳಕಿಗೆ ಹಿಡಿದು ನೋಡಿದರೆ ಸೀಸೆ ಬರಿದಾಗಿರುವಂತೆಯೇ ತೋರುವುದು.

ವಿಷ ಮದ್ದಾದ ಕಥೆ

ವಿಷವೆಂಬುದು ಉತ್ಪ್ರೇಕ್ಷೆಯ ಮಾತಲ್ಲ. ಮನುಷ್ಯನು ಬಲ್ಲ ವಿಷಗಳಲ್ಲಿ ಇದು ಅತ್ಯಂತ ಘೋರವಾದುದೆಂದು ಗಣ್ಯವಾಗಿದೆ. ಎರಡು ಶತಮಾನಗಳ ಹಿಂದೆ ಜರ್ಮನಿಯಲ್ಲಿ ಕೆಟ್ಟ ಸಾಸೇಜು ತಿಂದವರು ಅವಯವಗಳು ನಿಶ್ಚೇಷ್ಟಿತವಾಗಿ ಸಾಯುತ್ತಿದ್ದರು. ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ ಆ ರೋಗವನ್ನು ವಿವರವಾಗಿ ಬರೆದಿಟ್ಟನು. ಅದೇ ವಿಷವು ಒಂದು ದಿನ ಔಷಧವಾಗಬಹುದೆಂದು ಅವನೇ ಊಹಿಸಿದ್ದನು. 1895ರಲ್ಲಿ ಬೆಲ್ಜಿಯಮಿನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಹಂದಿಮಾಂಸ ತಿಂದು ಮೂವರು ಮೃತರಾದಾಗ, ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿದನು.

ಆ ವಿಷವನ್ನು ಪಳಗಿಸಿದವನು ಸ್ಯಾನ್ ಫ್ರಾನ್ಸಿಸ್ಕೊದ ನೇತ್ರವೈದ್ಯ ಅಲನ್ ಸ್ಕಾಟ್. ಮೆಳ್ಳೆಗಣ್ಣಿನ ಸ್ನಾಯುವನ್ನು ಸಡಿಲಿಸುವುದು ಅವನ ಉದ್ದೇಶ. 1989ರಲ್ಲಿ ಅಮೆರಿಕದ ಸರಕಾರ ಇದಕ್ಕೆ ಅನುಮತಿಯಿತ್ತಿತು. ಆದರೆ 1987ರ ವೇಳೆಗೇ ಕೆನಡಾದ ವ್ಯಾಂಕೂವರಿನಲ್ಲಿ ಬೇರೊಂದು ಸಂಗತಿ ನಡೆದಿತ್ತು. ಜೀನ್ ಕರೂದರ್ಸ್ ಎಂಬ ನೇತ್ರವೈದ್ಯೆಯಿಂದ ರೆಪ್ಪೆಸೆಳೆತಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬಳು, ಆ ಸೂಜಿಯಿಂದ ತನ್ನ ಹುಬ್ಬುಗಂಟು ಮಾಯವಾಯಿತೆಂದು ಹೇಳಿದಳು. ವೈದ್ಯೆಯ ಪತಿ ಚರ್ಮವೈದ್ಯ. ದಂಪತಿಗಳು ಆ ಮಾತಿನ ಜಾಡು ಹಿಡಿದು ಪ್ರಯೋಗ ನಡೆಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೌಂದರ್ಯಕ್ಕಾಗಿ ಬಳಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ.

ಎಷ್ಟು ಕಾಲಕ್ಕೊಮ್ಮೆ?

ನರದ ತುದಿಯಿಂದ ಸ್ನಾಯುವಿಗೆ ಆಜ್ಞೆಯನ್ನೊಯ್ಯುವ ರಾಸಾಯನಿಕವೊಂದುಂಟು. ಈ ಮದ್ದು ಅದರ ದಾರಿಯನ್ನು ಕಟ್ಟುತ್ತದೆ. ಆಜ್ಞೆ ತಲುಪದೆ ಸ್ನಾಯು ವಿಶ್ರಮಿಸುತ್ತದೆ. ಮೇಲಣ ಚರ್ಮದ ಮಡಿಕೆ ಬಿಚ್ಚಿಕೊಳ್ಳುತ್ತದೆ. ಪರಿಣಾಮ ಎರಡು ಮೂರು ದಿನಗಳಲ್ಲಿ ಮೊದಲಾಗಿ, ಒಂದೆರಡು ವಾರಗಳಲ್ಲಿ ಪೂರ್ಣವಾಗಿ ಕಾಣುವುದು. ಆದರೆ ನರವು ಸುಮ್ಮನಿರುವುದಿಲ್ಲ. ಕಡಿದ ಮರ ಚಿಗುರುವಂತೆ ಹೊಸ ಕವಲುಗಳನ್ನು ಬಿಡುತ್ತದೆ. ಕ್ರಮೇಣ ಹಳೆಯ ತುದಿಯೂ ಚೇತರಿಸಿಕೊಳ್ಳುತ್ತದೆ. ಇದಕ್ಕೆ ಹಿಡಿಯುವ ಕಾಲ ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳು. ಯಯಾತಿಯು ಮಗನಿಂದ ಪಡೆದ ಯೌವನ ಸಾವಿರ ವರ್ಷದ್ದೆಂದು ಪುರಾಣ ಹೇಳುತ್ತದೆ. ಈ ಸಾಲದ ಗಡುವು ಒಂದು ಋತುವಿಗಿಂತ ತುಸು ಹೆಚ್ಚು, ಅಷ್ಟೆ.

ಆದ್ದರಿಂದಲೇ ಮೂರು ತಿಂಗಳಿಗಿಂತ ಬೇಗ ಮತ್ತೆ ಚುಚ್ಚಿಸಿಕೊಳ್ಳಬಾರದೆಂದು ನಿಯಮ. ವರ್ಷಕ್ಕೆ ನಾಲ್ಕು ಸಲ ಎಂಬುದು ಮೇರೆ; ಅಷ್ಟು ಆಗಲೇಬೇಕೆಂಬ ವ್ರತವೇನಲ್ಲ. ಮೂರು ಸಲ, ಎರಡು ಸಲವೇ ಸಾಕೆನ್ನುವವರೂ ಇದ್ದಾರೆ. ಗೆರೆ ಮರಳಿ ಸ್ಪಷ್ಟವಾಗಿ ಕಾಣುವವರೆಗೆ ಕಾಯುವುದರಲ್ಲಿ ನಷ್ಟವಿಲ್ಲ. ಅವಸರದಲ್ಲಿಯೇ ಅಪಾಯವಿದೆ. ಪದೇ ಪದೇ, ಹೆಚ್ಚು ಪ್ರಮಾಣದಲ್ಲಿ ಹಾಕಿಸಿಕೊಂಡರೆ ದೇಹವು ಆ ಮದ್ದಿನ ವಿರುದ್ಧ ಪ್ರತಿವಿಷವನ್ನು ಸೃಷ್ಟಿಸಿಕೊಳ್ಳಬಹುದು. ಆಗ ಚೆಲುವಿಗೆ ಮಾತ್ರವಲ್ಲ, ಮುಂದೆಂದಾದರೂ ಕತ್ತುಸೆಳೆತಕ್ಕೋ ಪಾರ್ಶ್ವವಾಯುವಿನಿಂದ ಸೆಟೆದ ಕೈಗೋ ಅದೇ ಮದ್ದು ಬೇಕಾದಾಗಲೂ ಅದು ನಾಟದೆ ಹೋಗಬಹುದು.

ಇನ್ನೂ ಕೆಲವು ಸಂಗತಿಗಳನ್ನು ತಿಳಿದಿರುವುದು ಲೇಸು. ಹುಬ್ಬುಗಂಟಿಗೆ ಐದು ಕಡೆ ಚುಚ್ಚಿ ಕೊಡುವ ಬೊಟಾಕ್ಸ್ ಪ್ರಮಾಣ ಒಟ್ಟು 20 ಯೂನಿಟ್. ಬೇರೆ ಹೆಸರಿನ ಮದ್ದುಗಳ ಯೂನಿಟ್ ಲೆಕ್ಕ ಬೇರೆ. ಒಂದನ್ನು ಇನ್ನೊಂದಕ್ಕೆ ಸಮವೆಂದೆಣಿಸಲಾಗದು. ಮುಖದ ಚಲನೆಯಿಂದ ಬಿದ್ದ ಗೆರೆಗಳಿಗೆ ಇದು ಫಲಕಾರಿ. ಬಿಸಿಲಿನಿಂದ ಸೊರಗಿದ ಚರ್ಮಕ್ಕೂ ಜೋತುಬಿದ್ದ ಕೆನ್ನೆಗೂ ಎಷ್ಟು ಸಲ ಚುಚ್ಚಿಸಿದರೂ ಪ್ರಯೋಜನ ಸ್ವಲ್ಪ. ರೆಪ್ಪೆ ಕೆಲವು ವಾರ ಜೋತುಬೀಳುವುದುಂಟು. ಮದ್ದು ದೂರಕ್ಕೆ ಹರಡಿ ನುಂಗುವುದು, ಉಸಿರಾಡುವುದು ಕಷ್ಟವಾದರೆ ತತ್‌ಕ್ಷಣ ಆಸ್ಪತ್ರೆಗೆ ಧಾವಿಸತಕ್ಕದ್ದು. ಗರ್ಭಿಣಿಯರೂ ನರಸ್ನಾಯುಗಳ ದೌರ್ಬಲ್ಯವುಳ್ಳವರೂ ಇದರಿಂದ ದೂರವಿರುವುದೇ ಕ್ಷೇಮ. ಅಗ್ಗದ ಆಸೆಗೆ ಅರ್ಹ ವೈದ್ಯರಲ್ಲದವರ ಸೂಜಿಗೆ ಮುಖವೊಡ್ಡುವುದಂತೂ ಸರ್ವಥಾ ಸಲ್ಲದು. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಮದ್ದಿನಿಂದ ಜನ ಆಸ್ಪತ್ರೆ ಸೇರಿದರು.

ಇಷ್ಟನ್ನು ಕೇಳಿದವರು ಕೇಳಲು ಮರೆಯುವ ಮಾತೊಂದಿದೆ: ನಿಲ್ಲಿಸಿಬಿಟ್ಟರೆ ಏನಾಗುವುದು? ಏನೂ ಆಗುವುದಿಲ್ಲ. ಸ್ನಾಯು ಮೊದಲಿನಂತೆ ಆಡತೊಡಗುತ್ತದೆ. ಮುಖವು ತನ್ನ ವಯಸ್ಸಿಗೆ ಮರಳುತ್ತದೆ. ಸುಕ್ಕು ಬಡ್ಡಿ ಸೇರಿಸಿಕೊಂಡು ಬರುವುದಿಲ್ಲ. ಹೀಗಿರುವಾಗ ಮುಂದಿನ ಸರದಿಯ ದಿನವನ್ನು ಗೊತ್ತುಮಾಡಬೇಕಾದುದು ಅಂಗಡಿಯ ರಿಯಾಯಿತಿಯೂ ಅಲ್ಲ, ನೆರೆಮನೆಯವರ ಕಣ್ಣೂ ಅಲ್ಲ. ಬೇಡವೆನಿಸಿದ ದಿನ ನಿರ್ಭಯವಾಗಿ ಬಿಡಬಹುದು.

ಜುಲೈ ಕಡೆಯ ಭಾನುವಾರದ ಸಂಜೆ ಕ್ರೋ ಪ್ಯಾಟ್ರಿಕ್ಕಿನಿಂದ ಇಳಿದುಬರುವ ಜನರಲ್ಲಿ ಮುದುಕರೂ ಮುದುಕಿಯರೂ ಬಹಳ. ಕೋಲನ್ನು ಊರುತ್ತ, ಮಳೆಗಾಳಿಗೆ ಕೆಂಪಡರಿದ ಮುಖಗಳಲ್ಲಿ ಗೆರೆಗಳು ಆಳವಾಗಿ ಮೂಡಿರುತ್ತವೆ. ಕೆಳಗಿನ ಊರಿನಲ್ಲಿ ಗೆರೆಯಳಿಸುವ ಮದ್ದು ತುಂಬುವ ಕಾರ್ಖಾನೆಯಲ್ಲಿ ಅವರ ಮಕ್ಕಳೋ ಮೊಮ್ಮಕ್ಕಳೋ ದುಡಿಯುತ್ತಿದ್ದರೆ ಆಶ್ಚರ್ಯವಿಲ್ಲ. ಆ ದುಡಿಮೆಯಿಂದಾಗಿ ಮಕ್ಕಳು ಹಡಗು ಹತ್ತದೆ ಊರಿನಲ್ಲಿಯೇ ಉಳಿದರಲ್ಲ ಎಂಬ ಸಮಾಧಾನ ಆ ಹಿರಿಯರ ಪಾಲಿಗೆ ಸಣ್ಣದಲ್ಲ.