ಬೆಟ್ಟದ ದಾರಿಯಲ್ಲಿ ಗೆಜ್ಜೆ ಸದ್ದು

ಮೈಸೂರಿನವರಿಗೆ ಚಾಮುಂಡಿ ಬೆಟ್ಟವೆಂದರೆ ಮನೆಯ ಹಿತ್ತಲಿದ್ದ ಹಾಗೆ. ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿ, "ತಾತ, ಬಸ್ಸು ಬೇಡ, ಯೆಜ್ಡಿಯಲ್ಲೇ ಹೋಗೋಣ" ಎಂದಳು. ಅವಳಿಗೆ 12 ವರ್ಷ, ನನಗೆ 74. ಯೆಜ್ಡಿ ನಾನು 1986ರಲ್ಲಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಸಾಲ ಮಾಡಿ ಕೊಂಡದ್ದು.

ಭಾನುವಾರ ಬೆಳಗ್ಗೆ ಆರಕ್ಕೇ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಯಾದವಗಿರಿಯಿಂದ ಹೊರಟೆವು. ನಮ್ಮ ಗಾಡಿ ಹುಟ್ಟಿದ್ದೂ ಯಾದವಗಿರಿಯಲ್ಲೇ. ಜೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು 1961ರಿಂದ ಇಲ್ಲಿ ತಯಾರಿಸತೊಡಗಿದರು. ಮುಂದೆ ಅದಕ್ಕೇ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಕಿಕ್ಕರ್ ಒದ್ದು ಎಂಜಿನ್ ಶುರುವಾದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರಿನ ಕಡ್ಡಿಯಾಗುತ್ತದೆ. ಪುಟ್ಟಿಗೆ ಅದೊಂದು ಜಾದೂ.

ಏರು ಶುರುವಾಗಿ ಸ್ವಲ್ಪ ದೂರ ಹೋಗಿದ್ದೆವು. ಹಿಂದಿನಿಂದ ಪುಟ್ಟಿ ಕೂಗಿದಳು: "ತಾತ, ಗಾಡಿ ಗೆಜ್ಜೆ ಕಟ್ಟಿಕೊಂಡಿದೆಯಾ? ಕಿಣಿಕಿಣಿ ಅಂತಿದೆ!"

ನನಗೆ ಕೇಳಿಸಿದ್ದು ಎಂದಿನ ಡುಬುಡುಬು ಸದ್ದು ಮಾತ್ರ.

ನಂದಿಯ ಹತ್ತಿರ ಗಾಡಿ ನಿಲ್ಲಿಸಿದೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಬಸವಣ್ಣ. ಕೊರಳಲ್ಲಿ ಕಲ್ಲಿನ ಗಂಟೆ ಗೆಜ್ಜೆಗಳು. "ಇವನ ಗೆಜ್ಜೆ ಸದ್ದೇ ಇರಬೇಕು" ಎಂದು ನಕ್ಕೆನಾದರೂ ಒಳಗೆ ಅಳುಕು. ಕ್ರ್ಯಾಂಕಿನ ಬೇರಿಂಗ್ ಹೋಗಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಮಗನಂತೂ ಎರಡು ವರ್ಷದಿಂದ "ಮಾರಿಬಿಡಿ ಅಪ್ಪ" ಎನ್ನುತ್ತಲೇ ಇದ್ದಾನೆ.

ಲೆಕ್ಕ ತಾಳೆಯಾಗದಿದ್ದರೆ ಗಾಬರಿಯಾಗಬಾರದು, ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಬರಬೇಕು. ಬ್ಯಾಂಕಿನಲ್ಲಿ ಕಲಿತ ಪಾಠ ಇದು. ಮೊದಲು ಹೊರಗಿನದು: ನಂಬರ್ ಪ್ಲೇಟು, ಟೂಲ್ ಬಾಕ್ಸಿನ ಮುಚ್ಚಳ, ಸೈಲೆನ್ಸರಿನ ನಟ್ಟು ಅಲ್ಲಾಡಿಸಿ ನೋಡಿದೆವು. ಎಲ್ಲ ಬಿಗಿಯಾಗಿದ್ದವು. ಸ್ಟ್ಯಾಂಡ್ ಹಾಕಿ ಎಂಜಿನ್ ಶುರು ಮಾಡಿದೆ. ಪುಟ್ಟಿ ದೂರದಲ್ಲಿ ನಿಂತು ಕಿವಿಗೊಟ್ಟಳು.

"ಈಗ ಇಲ್ಲ ತಾತ."

ಆಕ್ಸಿಲರೇಟರ್ ತಿರುವಿದೆ. "ಈಗಲೂ ಇಲ್ಲ."

ಕ್ಲಚ್ ಹಿಡಿದೆ, ಬಿಟ್ಟೆ. ಅಲ್ಲಿ ಚೈನಿನದೋ ಕ್ಲಚ್ಚಿನದೋ ತೊಂದರೆಯಿದ್ದರೆ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಹೊಸ ಗಾಡಿಗಳಲ್ಲಿ ವಾಲ್ವಿನ ಟಪಟಪ ಸದ್ದಿರಬಹುದು. ನಮ್ಮದು ಟೂ ಸ್ಟ್ರೋಕ್, ಅದಕ್ಕೆ ಅಂಥ ವಾಲ್ವೇ ಇಲ್ಲ.

"ಹಾಗಾದರೆ ಯಾವಾಗ ಕೇಳಿಸಿತು ಪುಟ್ಟಿ?"

"ಏರಿನಲ್ಲಿ, ಗಾಡಿ ಏದುಸಿರು ಬಿಡುವಾಗ ಮಾತ್ರ."

ಅಲ್ಲಿ ಲೆಕ್ಕ ಸಿಕ್ಕಿತು. ಪಿಸ್ಟನ್ ಮೇಲಕ್ಕೆ ಬಂದು ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಕಿಡಿ ಹಾರಬೇಕು. ತೀರಾ ಮುಂಚೆ ಹಾರಿದರೆ, ಇನ್ನೂ ಏರುತ್ತಿರುವ ಪಿಸ್ಟನ್ನಿನ ತಲೆಗೆ ಸುತ್ತಿಗೆಯ ಪೆಟ್ಟು ಬಿದ್ದ ಹಾಗೆ. ಭಾರ ಹೊತ್ತು ಏರುವಾಗ ಅದು ಕಿಣಿಕಿಣಿ ಎನ್ನುತ್ತದೆ. ಅಲಕ್ಷ್ಯ ಮಾಡಿದರೆ ಪಿಸ್ಟನ್ನಿಗೇ ತೂತು ಬೀಳಬಹುದು.

ಕಿಡಿಯ ಹೊತ್ತನ್ನು ಕೆಡಿಸಿದ್ದು ಯಾರು? ನಾನೇ! ಹಿಂದಿನ ವಾರ ಕಾಂಟ್ಯಾಕ್ಟ್ ಪಾಯಿಂಟ್ ಉಜ್ಜಿ ಮತ್ತೆ ಕೂರಿಸಿದ್ದೆ. ನಡುವೆ 0.4 ಮಿಲಿಮೀಟರ್ ಸಂದು ಇರಬೇಕು. ಅಳೆಯುವ ತಗಡು ಸಿಗದೆ ಕಣ್ಣಂದಾಜಿನಲ್ಲಿ ಬಿಗಿಮಾಡಿದ್ದೆ. ಸಂದು ಹೆಚ್ಚಾದರೆ ಕಿಡಿ ಬೇಗ ಹಾರುತ್ತದೆ.

ಮುಂದೆ ಏರಲಿಲ್ಲ. ದೂರದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಲಲಿತಮಹಲ್ ನೋಡಿ, ತಂದಿದ್ದ ಚಕ್ಕುಲಿ ತಿಂದು, ನಿಧಾನಕ್ಕೆ ಇಳಿದೆವು. "ಇಳಿಯುವಾಗ ಗೆಜ್ಜೆ ಇಲ್ಲ ತಾತ" ಎಂದು ಪುಟ್ಟಿ ಕೂಗಿದಳು.

ಮರುದಿನ ನಮ್ಮ ಹಳೆಯ ಮೆಕ್ಯಾನಿಕ್ ತಗಡು ಹಾಕಿ ನೋಡಿ, "ಸಾರ್, ಇದೇನು ಬಾಗಿಲು ತೆಗೆದ ಹಾಗಿದೆ!" ಎಂದ. ಹತ್ತು ನಿಮಿಷದಲ್ಲಿ ಸರಿಮಾಡಿದ.

ಮುಂದಿನ ಭಾನುವಾರ ಮತ್ತೆ ಬೆಟ್ಟ ಹತ್ತಿದೆವು. ದೇವಸ್ಥಾನದವರೆಗೂ ಹೋಗಿ ನಿಲ್ಲಿಸಿ, "ಹೇಗಿತ್ತು?" ಎಂದೆ.

"ಗೆಜ್ಜೆ ಬಿಚ್ಚಿಟ್ಟಿದೆ ತಾತ!"

ನನಗೆ ಎರಡು ಭಾನುವಾರವೂ ಒಂದೇ ಸದ್ದು ಕೇಳಿಸಿತ್ತು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಇಂಥ ಸಣ್ಣ, ತೆಳು ಸದ್ದುಗಳೇ. ಗಾಡಿಯ ಗೆಜ್ಜೆ ಕೇಳದವನಿಗೆ ಹಿಂದಿನಿಂದ ಬರುವ ಸೈಕಲ್ಲಿನ ಬೆಲ್ಲು ಕೇಳಿಸುತ್ತದೆಯೇ? ಮಗುವನ್ನು ಹಿಂದೆ ಕೂರಿಸಿಕೊಂಡವನು ಕೇಳಿಕೊಳ್ಳಬೇಕಾದ ಪ್ರಶ್ನೆ.

ದೇವಿಗೆ ಕೈಮುಗಿದು ಹೊರಗೆ ಬಂದ ಮೇಲೆ ಪುಟ್ಟಿಗೆ ಹೇಳಿದೆ: "ಗಾಡಿಯ ರಿಪೇರಿ ಮುಗಿಯಿತು. ನಾಳೆ ಕಿವಿ ಡಾಕ್ಟರ ಹತ್ತಿರ ಹೋಗೋಣ. ಅಲ್ಲಿಯವರೆಗೆ ಗಾಡಿ ಶೆಡ್ಡಿನಲ್ಲಿರಲಿ."

"ನಾಳೆ ಹೇಗೆ ಹೋಗೋದು?"

"ಬಸ್ಸಿನಲ್ಲಿ."